ಗುಲ್ವಾಡಿಯ ಮಳೆಗೆ ಎರಡು ಗಡಿಯಾರ

ಜುಲೈ ತಿಂಗಳಲ್ಲಿ ಗುಲ್ವಾಡಿಯಲ್ಲಿ ಮಳೆ ಬಂತೇ ಎಂದು ಯಾರೂ ಕೇಳುವುದಿಲ್ಲ. ‘ಮಳಿ ಹೊಯ್ತಾ ಇತ್ತ್’ ಎನ್ನುವುದು ಅಲ್ಲಿ ಸುದ್ದಿಯಲ್ಲ, ಕುಶಲ ಸಮಾಚಾರ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ವಾರಾಹಿ ನದಿಯ ದಡದ ಈ ಊರಿಗೆ ಬೇಕಾದ ಸುದ್ದಿ ಬೇರೆ: ಎಷ್ಟು ಹೊಯ್ಯಿತು, ಎಷ್ಟು ಹೊತ್ತಿನಲ್ಲಿ ಹೊಯ್ಯಿತು, ಮೇಲೆ ಹೊಸಂಗಡಿ, ಸಿದ್ದಾಪುರದ ಕಡೆ ಬಿದ್ದದ್ದು ಇಲ್ಲಿಗೆ ಯಾವಾಗ ಮುಟ್ಟೀತು, ಆ ಹೊತ್ತಿಗೆ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಏರಿರುತ್ತದೋ ಇಳಿದಿರುತ್ತದೋ. ನೆರೆ ಬರುವುದು ಬರೀ ಮಳೆಯ ಪ್ರಮಾಣದಿಂದಲ್ಲ. ಹೊಳೆ ಇಳಿಯಬೇಕಾದ ಹೊತ್ತಿಗೆ ಭರತದ ನೀರು ಎದುರಾಗಿ ನಿಂತರೆ ಸಾಧಾರಣ ಮಳೆಯೂ ಗದ್ದೆ ಬಯಲಿಗೆ ನುಗ್ಗುತ್ತದೆ. ಹಾಗಾಗಿ ಇಲ್ಲಿ ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ.

ಈ ಎರಡನ್ನೂ ಬರೆದಿಡುವ ಕೆಲಸ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲೇ ನಡೆಯುತ್ತಿದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡುವ ಘಟಕವಾಗಿ ಹುಟ್ಟಿ, 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾದ ಬೆಂಗಳೂರು ಯಲಹಂಕದ ಸಂಸ್ಥೆ, ಗ್ರಾಮ ಪಂಚಾಯತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ ಇಡುವ ಯೋಜನೆ ಹಾಕಿಕೊಂಡು ರಾಜ್ಯದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಮಾಪಕಗಳನ್ನು ನೆಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಅಳತೆ ಕಳಿಸುತ್ತವೆ. ಒಂದು ಮಾಪಕದಿಂದ ದಿನಕ್ಕೆ 96 ಸಂದೇಶ. ಆರು ಸಾವಿರ ಎಂದೇ ಹಿಡಿದರೂ ದಿನಕ್ಕೆ 5,76,000. ಅವೂ ಸಾವಧಾನವಾಗಿ ಒಂದೊಂದೇ ಬರುವುದಿಲ್ಲ; ಗಡಿಯಾರ ಕಾಲು ಗಂಟೆ ಮುಟ್ಟುತ್ತಲೇ ಎಲ್ಲವೂ ಒಟ್ಟಿಗೆ ಬಾಯಿ ತೆರೆಯುತ್ತವೆ. ನಿಲ್ಲದೆ ಹರಿದು ಬರುವ ಇಂಥ ದತ್ತಾಂಶಕ್ಕೆ ಕಂಪ್ಯೂಟರಿನವರು ಸ್ಟ್ರೀಮ್ ಎನ್ನುತ್ತಾರೆ. ಅದನ್ನು ಹಿಡಿದು, ಸೋಸಿ, ಕೂಡಿಸಿ, ಬೇಕಾದವರಿಗೆ ತಲುಪಿಸುವ ಸಾಫ್ಟ್‌ವೇರ್ ಸಾಲಿಗೆ ಪೈಪ್‌ಲೈನ್ ಎಂದು ಹೆಸರು.

ಯಲಹಂಕದ ಒಳಗೆ ಯಾವ ಸಾಫ್ಟ್‌ವೇರ್ ಓಡುತ್ತದೆ ಎಂಬುದು ಈ ಅಧ್ಯಾಯದ ವಿಷಯವಲ್ಲ. ಗುಲ್ವಾಡಿಯಲ್ಲಿ ಒಂದು ಮಾಪಕವಿದೆ ಎಂದು ಇಟ್ಟುಕೊಂಡು, ಅದರ ಒಂದೇ ಒಂದು ಸಂದೇಶದ ಬೆನ್ನು ಹತ್ತಿ ಹೋಗೋಣ. ಅದರೊಳಗಿನ ಅಂಕಿಗಳು ನಾನು ಬರೆದ ಮಾದರಿ. ಅದು ಹಾಯುವ ದಾರಿ ಮಾತ್ರ ನಿಜವಾದದ್ದೇ.

ಮೊದಲು ಅಂಕಿ ಹುಟ್ಟುವ ಜಾಗ. ಇಂಥ ಮಾಪಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಗುಚುವ ಬಟ್ಟಲಿನದು. ಮೇಲಿನ ಆಲಿಕೆಯಿಂದ ಇಳಿದ ನೀರು ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದಕ್ಕೆ ಬೀಳುತ್ತದೆ. ಅದು ತುಂಬಿದ್ದೇ ತಡ ಟಕ್ಕನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಬಟ್ಟಲು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಮಗುಚುವಾಗ ಒಂದು ಪುಟಾಣಿ ಅಯಸ್ಕಾಂತ ಒಂದು ಸ್ವಿಚ್ಚಿನ ಮುಂದೆ ಹಾದು ಹೋಗಿ ವಿದ್ಯುತ್ತಿನ ಒಂದು ಮಿಡಿತ ಹೊರಡುತ್ತದೆ. ಯಂತ್ರಕ್ಕೆ ಗೊತ್ತಿರುವುದು ಇಷ್ಟೇ: 15 ನಿಮಿಷದಲ್ಲಿ ಎಷ್ಟು ಸಲ ಟಕ್ ಎಂದಿತು. ಒಂದು ಟಕ್ ಎಂದರೆ 0.2 ಮಿಲಿಮೀಟರೋ 0.5 ಮಿಲಿಮೀಟರೋ ಎಂಬುದು ಬಟ್ಟಲಿನ ಗಾತ್ರಕ್ಕೆ ಬಿಟ್ಟದ್ದು. ಆಲಿಕೆಗೆ ಹಲಸಿನ ಎಲೆಯೊಂದು ಬಿದ್ದು ಕಚ್ಚಿಕೊಂಡರೆ ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಲೆಕ್ಕ ಸೊನ್ನೆ.

ಈಗ ಯಲಹಂಕದಲ್ಲಿ ‘40’ ಎಂಬ ಅಂಕಿ ಬಂದು ಬಿತ್ತೆನ್ನಿ. ನಲವತ್ತು ಏನು? ಟಕ್ಕೋ ಮಿಲಿಮೀಟರೋ? ಯಾವ ಊರಿನದು? ಯಾವ ಕಾಲು ಗಂಟೆಯದು? ಹೊಸದೋ, ಹಿಂದೆ ಕಳಿಸಿದ್ದನ್ನೇ ಮತ್ತೆ ಕಳಿಸಿದ್ದೋ? ಈ ಪ್ರಶ್ನೆಗಳ ಉತ್ತರಗಳನ್ನು ಒಟ್ಟಾಗಿ ಮೆಟಾಡೇಟಾ ಎನ್ನುತ್ತಾರೆ. ಪಠ್ಯಪುಸ್ತಕಗಳು ಇದನ್ನು ದತ್ತಾಂಶದ ಕುರಿತ ದತ್ತಾಂಶ ಎಂದು ಹೇಳಿ ಮುಂದೆ ಹೋಗುತ್ತವೆ. ಓದಿದವರಿಗೆ ಅದೊಂದು ಅಲಂಕಾರದ ವಸ್ತು ಎನಿಸಿಬಿಡುತ್ತದೆ. ಪೈಪ್‌ಲೈನಿನಲ್ಲಿ ಕೆಲಸ ಮಾಡಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಸಂದೇಶದ ಒಡಲಲ್ಲಿರುವ 40ನ್ನು ತೆರೆದು ನೋಡುವವರು ದಾರಿಯ ಕೊನೆಯಲ್ಲೆಲ್ಲೋ ಇದ್ದಾರೆ. ಅದಕ್ಕೂ ಮೊದಲು ಅದನ್ನು ಯಾವ ಸಾಲಿಗೆ ಹಾಕಬೇಕು, ಯಾರ ಹಿಂದೆ ನಿಲ್ಲಿಸಬೇಕು, ಯಾವ ದಿನಕ್ಕೆ ಸೇರಿಸಬೇಕು, ಇಟ್ಟುಕೊಳ್ಳಬೇಕೋ ಬಿಸಾಡಬೇಕೋ ಎಂಬ ತೀರ್ಮಾನಗಳೆಲ್ಲ ಆಗುವುದು ತಲೆಯ ಮೇಲಿನ ಬರಹ ನೋಡಿ.

ಇಂಥ ಕೆಲಸಕ್ಕೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಕಾಫ್ಕಾ ಒಂದು. ಲಿಂಕ್ಡ್‌ಇನ್ ಕಂಪನಿಯಲ್ಲಿ ಜೇ ಕ್ರೆಪ್ಸ್, ಪುಣೆಯಲ್ಲಿ ಬೆಳೆದ ನೇಹಾ ನಾರ್ಖೇಡೆ, ಜುನ್ ರಾವ್ ಸೇರಿ ಕಟ್ಟಿದ್ದು. 2011ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಬರೆಯುವುದಕ್ಕೆಂದೇ ಹದಗೊಳಿಸಿದ ವ್ಯವಸ್ಥೆಗೆ ಒಬ್ಬ ಬರಹಗಾರನ ಹೆಸರಿರಲಿ ಎಂದು ಕ್ರೆಪ್ಸ್ ತನಗೆ ಇಷ್ಟವಾದ ಫ್ರಾನ್ಜ್ ಕಾಫ್ಕಾನ ಹೆಸರಿಟ್ಟರು. ಕಾಫ್ಕಾದ ಮೂಲ ಕಲ್ಪನೆ ತೀರ ಸರಳ: ಕೊನೆಗೆ ಮಾತ್ರ ಸೇರಿಸಬಹುದಾದ, ನಡುವೆ ಅಳಿಸಿ ತಿದ್ದಲು ಬಾರದ ಒಂದು ಉದ್ದನೆಯ ದಾಖಲೆ. ಗುಲ್ವಾಡಿಯ ಸಂದೇಶ ಇದರೊಳಗೆ ಸೇರಿದಾಗ ಅದರ ಮೈಮೇಲೆ ಇರುವುದು ಇಷ್ಟು: ‘ಮಳೆ’ ಎಂಬ ಟಾಪಿಕ್ಕಿನ, ಅಂದರೆ ವಿಷಯವಾರು ದಾಖಲೆಯ, ಹೆಸರು, ಮಾಪಕದ ಸಂಕೇತಸಂಖ್ಯೆಯನ್ನೇ ಕೀ ಆಗಿ ಬರೆದ ಗುರುತು, ಒಂದು ಟೈಮ್‌ಸ್ಟ್ಯಾಂಪ್, ಬಟ್ಟಲಿನ ಗಾತ್ರ 0.2, ಬ್ಯಾಟರಿ 12.1 ವೋಲ್ಟ್, ಯಂತ್ರದ ಕ್ರಮಸಂಖ್ಯೆ 51,207 ಎಂದು ಸಾರುವ ಹೆಡರುಗಳು, ಒಡಲಲ್ಲಿ 40. ಕಾಫ್ಕಾ ತಾನಾಗಿ ಇನ್ನೆರಡು ಸೇರಿಸುತ್ತದೆ: ಯಾವ ಪಾರ್ಟಿಷನ್ (ದಾಖಲೆಯನ್ನು ಹಂಚಿದ ಸಾಲುಗಳಲ್ಲಿ ಒಂದು), ಅದರಲ್ಲಿ ಎಷ್ಟನೆಯ ಜಾಗ. ಈ ಎರಡನೆಯದಕ್ಕೆ ಆಫ್‌ಸೆಟ್ ಎಂದು ಹೆಸರು.

ಇದರಲ್ಲಿ ಕೆಲವು ಸಂದೇಶದ ಜೊತೆಗೇ ಹುಟ್ಟಿದವು, ಕೆಲವು ದಾರಿಯಲ್ಲಿ ಅಂಟಿದವು. ಮೊದಲನೆಯವು ಮಳೆಯ ಬಗ್ಗೆ ಹೇಳುತ್ತವೆ, ಎರಡನೆಯವು ದಾರಿಯ ಬಗ್ಗೆ. ಆಫ್‌ಸೆಟ್ ನೋಡಿ ಗುಲ್ವಾಡಿಯಲ್ಲಿ ಯಾವ ಮಳೆ ಮೊದಲು ಬಂತು ಎಂದು ಹೇಳಲಾಗದು. ಯಾವ ಸಂದೇಶ ಮೊದಲು ಮುಟ್ಟಿತು ಎಂದಷ್ಟೇ ಹೇಳಬಹುದು. ಪೈಪ್‌ಲೈನುಗಳಲ್ಲಿ ಆಗುವ ಯಡವಟ್ಟುಗಳಲ್ಲಿ ದೊಡ್ಡ ಪಾಲು, ದಾರಿ ಬರೆದದ್ದನ್ನು ಮಳೆ ಬರೆದದ್ದು ಎಂದು ಓದಿಕೊಳ್ಳುವುದರಿಂದ ಆಗುವಂಥದ್ದು.

ಹೇಗೆಂದು ನೋಡಿ. ಬೆಳಗಿನ ಜಾವ 3.15ಕ್ಕೆ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು, ಅದರ ಹಿಂದೆಯೇ ಮೊಬೈಲ್ ಟವರೂ ಮಲಗಿತು. ಮಾಪಕ ಮಾತ್ರ ತನ್ನ ಸೌರಫಲಕದ ಬ್ಯಾಟರಿಯ ಮೇಲೆ ಎಣಿಸುತ್ತಲೇ ಇದೆ. ಕಾಲು ಗಂಟೆಗೆ 9 ಮಿಲಿಮೀಟರಿನಂತೆ ಒಂದೇ ಸಮನೆ ಮಳೆ. ಜುಲೈಯ ಕುಂದಾಪುರದಲ್ಲಿ ಇದೇನೂ ಹುಬ್ಬೇರಿಸುವ ಮಾತಲ್ಲ. 5 ಗಂಟೆಗೆ ಟವರ್ ಎದ್ದು ಕೂತಿತು. ಮಾಪಕ ಕೂಡಿಟ್ಟಿದ್ದ ಏಳು ಸಂದೇಶಗಳನ್ನು, 3.30ರದ್ದರಿಂದ 5ರದ್ದರವರೆಗೆ, ಒಂದೇ ಉಸಿರಿಗೆ ಕಳಿಸಿಬಿಟ್ಟಿತು. ಮುಟ್ಟಿದ ಹೊತ್ತನ್ನೇ ನಂಬುವ ಪೈಪ್‌ಲೈನಿಗೆ ಕಾಣುವುದೇನು? ಒಂದೂಮುಕ್ಕಾಲು ಗಂಟೆ ಒಂದು ಹನಿಯೂ ಇಲ್ಲ. ಆಮೇಲೆ ಒಂದೇ ನಿಮಿಷದಲ್ಲಿ 63 ಮಿಲಿಮೀಟರ್! ಹವಾಮಾನ ಇಲಾಖೆ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ ಎನ್ನುತ್ತದೆ. ಅದರ ಅಂಚಿನವರೆಗಿನ ನೀರು ನಿಮಿಷದಲ್ಲಿ ಸುರಿಯಿತೆಂದು ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ. ಇದು ಸುಳ್ಳು ಗಂಟೆ. ನಿಜವಾಗಿ ಹೊಡೆಯಬೇಕಾದದ್ದು ಬೇರೊಂದಿತ್ತು: 3.30ಕ್ಕೆ ಗುಲ್ವಾಡಿಯ ಸದ್ದೇ ಇಲ್ಲ ಎಂಬುದು. ಸೊನ್ನೆ ಮಳೆ, ಎಲೆ ಕಚ್ಚಿದ ಸೊನ್ನೆ, ಸಂದೇಶವೇ ಬಾರದ ಸೊನ್ನೆ ಮೂರೂ ನಕ್ಷೆಯಲ್ಲಿ ಒಂದೇ ಬಣ್ಣ ಬಳಿದುಕೊಂಡು ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅಂದರೆ ಪ್ರತಿ ಸಂದೇಶಕ್ಕೂ ಎರಡು ಗಡಿಯಾರ: ಘಟನೆಯ ಹೊತ್ತಿನದು, ಮುಟ್ಟಿದ ಹೊತ್ತಿನದು. ಕಾಫ್ಕಾದಲ್ಲಿ ಟೈಮ್‌ಸ್ಟ್ಯಾಂಪ್ ಇವೆರಡರಲ್ಲಿ ಯಾವುದಾಗಿರಬೇಕು ಎಂದು ಟಾಪಿಕ್ಕಿನ ಮಟ್ಟದಲ್ಲಿ ಆರಿಸಿಕೊಳ್ಳಬಹುದು: ಕಳಿಸಿದವರು ಬರೆದ ವೇಳೆಯನ್ನು ಇಟ್ಟುಕೊಳ್ಳುವುದು, ಇಲ್ಲವೇ ದಾಖಲಾದ ವೇಳೆಯನ್ನು ಒತ್ತುವುದು. ತಮಾಷೆಯೆಂದರೆ ಮೊದಲ ವರ್ಷಗಳಲ್ಲಿ ಸಂದೇಶಕ್ಕೆ ಟೈಮ್‌ಸ್ಟ್ಯಾಂಪೇ ಇರಲಿಲ್ಲ, 2016ರ 0.10 ಆವೃತ್ತಿಯಲ್ಲಿ ಬಂತು. ಹೆಡರುಗಳು ಬಂದದ್ದು ಅದಾದ ಮೇಲೆ, 2017ರ 0.11ರಲ್ಲಿ. ಅಲ್ಲಿಯವರೆಗೆ ಎಲ್ಲರೂ ತಂತಮ್ಮ ಮೆಟಾಡೇಟಾವನ್ನು ಒಡಲೊಳಗೇ ತುರುಕಿಕೊಂಡು ಹೇಗೋ ನಡೆಸಿದರು.

ಹಾಗಾದರೆ ಘಟನೆಯ ಗಡಿಯಾರವನ್ನೇ ನಂಬಿ ಕೂತರಾಯಿತೇ? ಅದೂ ಸುಳ್ಳು ಹೇಳುತ್ತದೆ. ಬ್ಯಾಟರಿ ಪೂರ್ತಿ ಇಳಿದು ಮತ್ತೆ ಏರಿದ ಯಂತ್ರ ತಾನು 1970ರ ಜನವರಿ 1ರಲ್ಲಿದ್ದೇನೆ ಎಂದುಕೊಳ್ಳುವುದುಂಟು. ಯುನಿಕ್ಸ್ ಕಾಲಗಣನೆ ಶುರುವಾಗುವುದು ಆ ದಿನದಿಂದ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳುವುದು ಜಾಣತನ. ಎರಡರ ನಡುವಿನ ಅಂತರ ಇನ್ನೊಂದು ಅಳತೆಯೇ ಸೈ. ಅಂತರ ಕೆಲವೇ ಸೆಕೆಂಡಾದರೆ ಜಾಲ ಗಟ್ಟಿಯಾಗಿದೆ, ಒಂದೂವರೆ ಗಂಟೆಯಾದರೆ ಎಲ್ಲೋ ಮರ ಬಿದ್ದಿದೆ, ಐವತ್ತು ವರ್ಷವಾದರೆ ಗಡಿಯಾರ ಕೆಟ್ಟಿದೆ.

ಸಮಯದ ಗೋಜಲು ಇಲ್ಲಿಗೇ ಮುಗಿಯುವುದಿಲ್ಲ. ಭಾರತದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಬೆಳಿಗ್ಗೆ 8.30ಕ್ಕೆ ಬದಲಾಗುತ್ತದೆ. ಜುಲೈ 15ರ ಮಳೆ ಎಂದರೆ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಅದರಲ್ಲಿ ಹೆಚ್ಚಿನ ಪಾಲು ನಾವು ನಿನ್ನೆ ಎನ್ನುವ ದಿನದ್ದು. ಈ ವಿಚಿತ್ರ ಅರ್ಧ ಗಂಟೆ ಎಲ್ಲಿಂದ ಬಂತೆಂದರೆ, ಜಾಗತಿಕ ಸಮಯದಲ್ಲಿ ಅದು ಸರಿಯಾಗಿ 3 ಗಂಟೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಈಗ 8.30 ಎಂದು ಬರೆದುಕೊಂಡು ಒಂದು ಸಂದೇಶ ಬಂತು. ಅದು ಯಾವ ದಿನಕ್ಕೆ ಸೇರಬೇಕು? ಆ ಬರಹ ಕಾಲು ಗಂಟೆಯ ಕೊನೆಯನ್ನು ಹೇಳುತ್ತಿದ್ದರೆ ಮಳೆ ಬಿದ್ದದ್ದು 8.15ರಿಂದ 8.30ರವರೆಗೆ, ಹಳೆಯ ದಿನದ್ದು. ಆರಂಭವನ್ನು ಹೇಳುತ್ತಿದ್ದರೆ ಹೊಸ ದಿನದ್ದು. ಸಂದೇಶದಲ್ಲಿ ಎಲ್ಲವೂ ಸರಿಯಾಗಿದ್ದೂ ಈ ಒಂದು ಒಪ್ಪಂದ ಎಲ್ಲೂ ಬರೆದಿಲ್ಲದಿದ್ದರೆ ಪ್ರತಿ ದಿನ, ಪ್ರತಿ ಮಾಪಕದಲ್ಲಿ ಕಾಲು ಗಂಟೆಯ ಮಳೆ ಪಕ್ಕದ ದಿನಕ್ಕೆ ಜಾರುತ್ತದೆ. ತಿಂಗಳ ಮೊತ್ತ ಹೆಚ್ಚುಕಡಿಮೆ ಸರಿಯೇ ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಗೊಳ್ಳಿಯ ಭರತ ಇಳಿತದ ಪಟ್ಟಿಯೊಡನೆ ಈ ಮಳೆಯನ್ನು ಜೋಡಿಸಲು ಹೊರಟಾಗ ಮಾತ್ರ ಎರಡು ಧಾರೆಗಳ ಗಡಿಯಾರ ತಾಳೆಯಾಗುವುದಿಲ್ಲ ಎಂದು ತಿಳಿಯುತ್ತದೆ. ಒಂದು ಜಾಗತಿಕ ಸಮಯದಲ್ಲಿ, ಇನ್ನೊಂದು ಭಾರತೀಯ ಸಮಯದಲ್ಲಿದ್ದರಂತೂ ಲೆಕ್ಕದಲ್ಲಿ ನೆರೆ ಬರುವುದೇ ಐದೂವರೆ ಗಂಟೆ ಆಚೀಚೆ.

ಹರಿಯುವ ದತ್ತಾಂಶವನ್ನು ಕೂಡಿಸಬೇಕಾದರೆ ಅದನ್ನು ಕಾಲದ ತುಂಡುಗಳಾಗಿ ಕತ್ತರಿಸಬೇಕು. ನಮ್ಮ ರೈತರು ಇದನ್ನು ಎಂದಿನಿಂದಲೂ ಮಾಡಿಕೊಂಡು ಬಂದಿದ್ದಾರೆ. ಆರ್ದ್ರೆ ಮಳೆ ಜೂನ್ 21-22ರ ಸುಮಾರಿಗೆ ಹುಟ್ಟಿ ಜುಲೈ 5-6ರ ಹೊತ್ತಿಗೆ ಪುನರ್ವಸುವಿಗೆ ಜಾಗ ಬಿಡುತ್ತದೆ, ಅದರ ಹಿಂದೆ ಪುಷ್ಯ, ಆಶ್ಲೇಷ. ಸೂರ್ಯ ಒಂದು ನಕ್ಷತ್ರ ದಾಟುವ ಹದಿಮೂರು ಹದಿನಾಲ್ಕು ದಿನಗಳ ತುಂಡು ಅದು. ಊರಿನ ಆರ್ದ್ರೆ ಮಳೆಯ ಸುದ್ದಿ ಮುಂಬೈಯ ಹೋಟೆಲಿನಲ್ಲಿರುವವರಿಗೆ ಪುನರ್ವಸುವಿನಲ್ಲಿ ತಲುಪಿದರೂ ಅದು ಆರ್ದ್ರೆಯ ಮಳೆಯೇ. ತುಂಡಿನ ಗಡಿ ಮಳೆ ಬಿದ್ದ ಹೊತ್ತಿಗೆ ಸೇರಿದ್ದು, ಸುದ್ದಿ ಮುಟ್ಟಿದ ಹೊತ್ತಿಗಲ್ಲ.

ಆದರೆ ಕಂಪ್ಯೂಟರಿಗೆ ಒಂದು ತೊಂದರೆಯಿದೆ. ತಡವಾಗಿ ಬರುವ ಸುದ್ದಿಗಾಗಿ ಎಷ್ಟು ಹೊತ್ತು ಕಾಯುವುದು? 8.30ಕ್ಕೆ ದಿನದ ಮೊತ್ತ ಹೇಳಬೇಕು. ಟವರ್ ಮಲಗಿದ ಊರುಗಳ ಸಂದೇಶ ಹತ್ತು ಗಂಟೆಗೆ ಬಂದೀತು, ನಾಳೆಯೂ ಬಂದೀತು. 2015ರಲ್ಲಿ ಗೂಗಲ್‌ನ ಎಂಜಿನಿಯರುಗಳು ಡೇಟಾಫ್ಲೋ ಹೆಸರಿನ ಪ್ರಬಂಧದಲ್ಲಿ ಈ ಸಮಸ್ಯೆಯನ್ನು ನೇರವಾಗಿ ಎತ್ತಿಕೊಂಡರು. ಅವರ ಮಾತಿನ ಸಾರ ಇಷ್ಟು: ಎಲ್ಲವೂ ಬಂದು ಮುಗಿಯಿತು ಎಂದು ಹೇಳುವ ಗಳಿಗೆ ಹರಿಯುವ ದತ್ತಾಂಶಕ್ಕೆ ಇಲ್ಲ, ನಿಖರತೆ, ವೇಗ, ಖರ್ಚು ಈ ಮೂರರ ನಡುವೆ ಚೌಕಾಸಿ ಮಾಡಿಕೊಳ್ಳಿ. ಅದಕ್ಕೆ ಬಳಸುವ ಸಾಧನ ವಾಟರ್‌ಮಾರ್ಕ್. ಇಂತಿಷ್ಟು ಹೊತ್ತಿನವರೆಗಿನ ಸಂದೇಶಗಳು ಬಹುಮಟ್ಟಿಗೆ ಬಂದಿವೆ ಎಂಬ ವ್ಯವಸ್ಥೆಯ ಅಂದಾಜು ಅದು. ಇಲ್ಲಿಯವರೆಗೆ ಕಂಡ ಘಟನಾ ವೇಳೆಗಳಲ್ಲಿ ಎಲ್ಲಕ್ಕಿಂತ ಮುಂದಿನದನ್ನು ಹಿಡಿದು, ಅದರಿಂದ ಹತ್ತೋ ಇಪ್ಪತ್ತೋ ನಿಮಿಷ ಹಿಂದಕ್ಕೆ ಬರುವುದು ಇದನ್ನು ಕಟ್ಟುವ ಸುಲಭ ವಿಧಾನ.

ಸುಲಭ, ಆದರೆ ಅಪಾಯಕಾರಿ. ಬೈಂದೂರಿನ ಆಚೆ ಎಲ್ಲೋ ಒಂದು ಮಾಪಕದ ಗಡಿಯಾರ ಕೆಟ್ಟು 2036ಕ್ಕೆ ಹಾರಿತೆನ್ನಿ. ಅದರ ಒಂದೇ ಸಂದೇಶ ವಾಟರ್‌ಮಾರ್ಕನ್ನು 2036ಕ್ಕೆ ಎಳೆದೊಯ್ಯುತ್ತದೆ. ಆ ಕ್ಷಣದಿಂದ ರಾಜ್ಯದ ಉಳಿದ ಎಲ್ಲ ಮಾಪಕಗಳ ಸರಿಯಾದ ಸಂದೇಶಗಳೂ ವರ್ಷಗಟ್ಟಲೆ ತಡವಾಗಿ ಬಂದವು ಎಂದು ಎಣಿಸಲ್ಪಟ್ಟು ಮೂಲೆಗೆ ಬೀಳುತ್ತವೆ. ಪೈಪ್‌ಲೈನ್ ನಿಂತಿಲ್ಲ, ದೋಷದ ಸಂದೇಶವಿಲ್ಲ, ಕೆಂಪು ದೀಪವಿಲ್ಲ; ನಕ್ಷೆಯಲ್ಲಿ ಮಾತ್ರ ಮಳೆ ನಿಂತಿದೆ. ಆದ್ದರಿಂದ ಘಟನೆಯ ವೇಳೆಯನ್ನು ಒಪ್ಪಿಕೊಳ್ಳುವ ಮೊದಲು ಅದನ್ನು ಮುಟ್ಟಿದ ವೇಳೆಯ ಪಕ್ಕ ಹಿಡಿದು ನೋಡುವ ಕಾವಲು ಬಾಗಿಲಲ್ಲೇ ಇರಬೇಕು. ನಾಳೆಯಿಂದ ಬಂದ ಸಂದೇಶವನ್ನು ಒಳಗೆ ಬಿಡಬಾರದು.

ಹವಾಮಾನದವರಿಗೆ ಇದೆಲ್ಲ ಹೊಸದಲ್ಲ. ಟೆಲಿಪ್ರಿಂಟರಿನ ಕಾಲದಲ್ಲೇ ಅವರು ಮೆಟಾಡೇಟಾವನ್ನು ಒಂದು ಸಾಲಿಗೆ ಇಳಿಸಿದ್ದರು. ವಿಶ್ವ ಹವಾಮಾನ ಸಂಸ್ಥೆಯ ಜಾಲದಲ್ಲಿ ಹೋಗುವ ಪ್ರಕಟಣೆಯ ನೆತ್ತಿಯ ಮೇಲೆ ಎಸ್, ಎಂ, ಐ, ಎನ್ ಎಂಬ ನಾಲ್ಕು ಅಕ್ಷರಗಳಿದ್ದರೆ ಅದು ನೆಲಮಟ್ಟದ ಅವಲೋಕನ, ಮುಖ್ಯ ವೇಳೆಯದು, ಭಾರತದ್ದು ಎಂದರ್ಥ. ಮುಂದೆ ಕಳಿಸಿದ ಕೇಂದ್ರದ ಸಂಕೇತ. ಅದರ ಮುಂದೆ 150300 ಎಂದಿದ್ದರೆ 15ನೇ ತಾರೀಕು, ಜಾಗತಿಕ ಸಮಯ 3 ಗಂಟೆ, ಅಂದರೆ ನಮ್ಮ 8.30. ಕೊನೆಯಲ್ಲಿ ಆರ್‌ಆರ್‌ಎ ಎಂದಿದ್ದರೆ ತಡವಾಗಿ ಬಂದದ್ದು, ಸಿಸಿಎ ಎಂದಿದ್ದರೆ ಹಿಂದಿನದಕ್ಕೆ ತಿದ್ದುಪಡಿ. ತಡವಾದದ್ದು ಬೇರೆ, ತಿದ್ದಿದ್ದು ಬೇರೆ ಎಂಬ ವಿವೇಕ ಮೂರಕ್ಷರದಲ್ಲಿದೆ. ಇಂದು ಹೊಸ ಪೈಪ್‌ಲೈನ್ ಕಟ್ಟುವ ಎಷ್ಟೋ ಬುದ್ಧಿವಂತರ ವಿನ್ಯಾಸದಲ್ಲಿ ಈ ಮೂರಕ್ಷರಕ್ಕೆ ಸಮನಾದದ್ದು ಸಿಗುವುದಿಲ್ಲ.

ಇನ್ನು ಎರಡೆರಡು ಸಲ ಬರುವ ಮಳೆ. ಮಾಪಕ ಸಂದೇಶ ಕಳಿಸಿತು, ಮುಟ್ಟಿತು, ಆದರೆ ಮುಟ್ಟಿತೆಂಬ ಉತ್ತರ ದಾರಿಯಲ್ಲಿ ಕಳೆದುಹೋಯಿತು. ಮಾಪಕ ಮತ್ತೆ ಕಳಿಸುತ್ತದೆ. ಎರಡಕ್ಕೂ ಆಫ್‌ಸೆಟ್ ಬೇರೆ ಬೇರೆ, ಹಾಗಾಗಿ ಎರಡು ಮಳೆಯೆಂದೇ ಎಣಿಕೆ. ಕಾಫ್ಕಾ 0.11ರಿಂದ ತನಗೆ ಬರೆಯುವ ತಂತ್ರಾಂಶಕ್ಕೊಂದು ಗುರುತು, ಪ್ರತಿ ಸಂದೇಶಕ್ಕೊಂದು ಕ್ರಮಸಂಖ್ಯೆ ಕೊಟ್ಟು ಇಂಥ ಜೋಡಿಗಳನ್ನು ತಡೆಯಬಲ್ಲದು. ಅದು ಕಾಯುವುದು ಕೊನೆಯ ಗೇಣಿನ ದಾರಿಯನ್ನು ಮಾತ್ರ. ಪಂಚಾಯತಿ ಕಟ್ಟಡದಿಂದ ಟವರಿನವರೆಗೆ ಆದ ಗೊಂದಲಕ್ಕೆ ಅದು ಹೊಣೆಯಲ್ಲ. ಅದಕ್ಕೆ ಮಾಪಕವೇ ಹುಟ್ಟುವಾಗ ಬರೆದ 51,207 ಬೇಕು. ಅದೇ ಮಾಪಕ, ಅದೇ ಸಂಖ್ಯೆ ಎರಡನೆಯ ಸಲ ಕಂಡರೆ ಬಿಟ್ಟುಬಿಡಬಹುದು.

ಮಾಪಕದ ಗುರುತು ಎಂದೆ. ಇಲ್ಲಿ ಊರಿನ ಹೆಸರು ಸಾಲದು. ಗುಲ್ವಾಡಿ ಎಂದು ಹುಡುಕಿದರೆ ಸಾಹಿತ್ಯ ಓದಿದವರಿಗೆ ಮೊದಲು ಸಿಗುವುದು 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾಯರು. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಅಕ್ಷರ ಒಬ್ಬರದ್ದು ಐ, ಇನ್ನೊಬ್ಬರದ್ದು ವೈ. ಕಂಪ್ಯೂಟರಿಗೆ ಇವು ಬೇರೆ ಬೇರೆ ಊರುಗಳು. ಹವಾಮಾನದವರು ಬೆಂಗಳೂರು ಎಂದು ಬರೆಯದೆ 43295 ಎಂದು ಬರೆಯುವುದು ಇದಕ್ಕೇ. ಕಾಫ್ಕಾದಲ್ಲಿ ಕೀಗೆ ಇನ್ನೊಂದು ಕೆಲಸವೂ ಇದೆ: ಒಂದೇ ಕೀ ಇರುವ ಸಂದೇಶಗಳು ಒಂದೇ ಪಾರ್ಟಿಷನ್ನಿಗೆ ಹೋಗುತ್ತವೆ, ಅಲ್ಲಿ ಮುಟ್ಟಿದ ಕ್ರಮ ಉಳಿಯುತ್ತದೆ. ಕೀ ತಪ್ಪಾಗಿ ಬರೆದರೆ ಗುಲ್ವಾಡಿಯ ಮಳೆ ಎರಡು ಸಾಲುಗಳಲ್ಲಿ ಹರಿದು ಹಿಂದುಮುಂದಾಗುತ್ತದೆ.

ಸಂದೇಶದ ಮೇಲೆ ಏನು ಬರೆಯಬಾರದು ಎಂಬುದೂ ಅಷ್ಟೇ ಮುಖ್ಯ. ನನ್ನ ಮಟ್ಟಿಗೆ ಅದೇ ಕಷ್ಟದ ಭಾಗ. ಅನುಕೂಲಕ್ಕಿರಲಿ ಎಂದು ತಾಲ್ಲೂಕು, ಜಿಲ್ಲೆಯ ಹೆಸರುಗಳನ್ನೂ ಹೆಡರಿಗೆ ಸೇರಿಸುವ ಆಸೆ ಯಾರಿಗಾದರೂ ಆದೀತು. ಈ ಸೀಮೆಯಲ್ಲೇ ನೋಡಿ: 1997ರವರೆಗೆ ಇದೆಲ್ಲ ದಕ್ಷಿಣ ಕನ್ನಡ, ಆ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಕುಂದಾಪುರದಿಂದ ಬೈಂದೂರು ಬೇರೆ ತಾಲ್ಲೂಕಾಗಿ ಹೊರಬಂತು, ಬ್ರಹ್ಮಾವರವೂ ತಾಲ್ಲೂಕಾಯಿತು. ಮಳೆ ಬೀಳುವ ಜಾಗ ಒಂದಿಂಚೂ ಕದಲಿಲ್ಲ, ವಿಳಾಸ ಮಾತ್ರ ಬದಲಾಯಿತು. ಅಳಿಸಲಾಗದ ದಾಖಲೆಯಲ್ಲಿ ‘ಕುಂದಾಪುರ ತಾಲ್ಲೂಕು’ ಎಂದು ಅಚ್ಚೊತ್ತಿ ಕೂತ ಸಂದೇಶಗಳನ್ನು ಬೈಂದೂರಿನ ಲೆಕ್ಕಕ್ಕೆ ತರುವುದು ಹೇಗೆ? ಸಂದೇಶ ಹುಟ್ಟಿದ ಗಳಿಗೆಯಲ್ಲಿ ನಿಜವಾಗಿದ್ದು ಎಂದೆಂದಿಗೂ ನಿಜವಾಗಿ ಉಳಿಯುವಂಥದ್ದನ್ನು ಮಾತ್ರ ಹೆಡರಿನಲ್ಲಿ ಇಡಬೇಕು: ಮಾಪಕದ ಸಂಖ್ಯೆ, ವೇಳೆ, ಬಟ್ಟಲಿನ ಗಾತ್ರ. ಯಾವ ಮಾಪಕ ಯಾವ ತಾರೀಕಿನಿಂದ ಯಾವ ತಾಲ್ಲೂಕಿನಲ್ಲಿದೆ ಎಂಬುದಕ್ಕೆ ಪ್ರತ್ಯೇಕ ಕೋಷ್ಟಕವಿರಲಿ. ಬೇಕಾದವರು ಬೇಕಾದಾಗ ಜೋಡಿಸಿ ನೋಡಿಕೊಳ್ಳುತ್ತಾರೆ.

ಬಟ್ಟಲಿನ ಗಾತ್ರ ಕೋಷ್ಟಕದಲ್ಲಿದ್ದರೆ ಸಾಲದೇ ಎಂದು ಕೇಳಬಹುದು. ಮೆಕ್ಯಾನಿಕ್ ಬಂದು 0.5ರ ಹಳೆಯ ಬಟ್ಟಲು ತೆಗೆದು 0.2ರ ಹೊಸದನ್ನು ಕೂರಿಸಿ ಹೋಗುತ್ತಾನೆ. ಕೋಷ್ಟಕ ತಿದ್ದಬೇಕಾದ ಕಚೇರಿಗೆ ಕಾಗದ ಮುಟ್ಟುವುದು ಮುಂದಿನ ವಾರ. ಅಲ್ಲಿಯವರೆಗೆ 40 ಟಕ್ಕುಗಳ 8 ಮಿಲಿಮೀಟರ್ ಮಳೆ ಲೆಕ್ಕದಲ್ಲಿ 20 ಆಗಿರುತ್ತದೆ. ಆದ್ದರಿಂದ ಅದು ಸಂದೇಶದ ಜೊತೆಗೇ ಬರಲಿ.

ಇಷ್ಟೆಲ್ಲ ಕಾಳಜಿಯಿಂದ ಹೊತ್ತು ತಂದ ಹೆಡರುಗಳು ಕಳೆದುಹೋಗುವ ಜಾಗವೊಂದಿದೆ: ಮೊತ್ತ ಮಾಡುವ ಹಂತ. 96 ಸಂದೇಶ ಕೂಡಿದಾಗ ಹೊರಡುವುದು ಹೊಸದೊಂದು ಸಂದೇಶ, ಅದರ ತಲೆಯ ಮೇಲೆ ಯಾರ ಹೆಡರು? ಮೊದಲನೆಯದರದೋ, ಕೊನೆಯದರದೋ? ಏನೂ ಹೇಳದಿದ್ದರೆ ಬೋಳು ತಲೆಯ ಸಂದೇಶ ಹೊರಟುಬಿಡುತ್ತದೆ. ಮೊತ್ತದ ಸಂದೇಶಕ್ಕೆ ಅದರದೇ ಆದ ಮೆಟಾಡೇಟಾ ಬೇಕು. ಅದರಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ‘96ರಲ್ಲಿ 89’ ಎಂಬಂಥ ಒಂದು ಎಣಿಕೆ. ಗುಲ್ವಾಡಿಯಲ್ಲಿ 142 ಮಿಲಿಮೀಟರ್ ಎಂಬ ಮಾತಿಗಿಂತ, 89 ಸಂದೇಶಗಳಿಂದ 142 ಮಿಲಿಮೀಟರ್ ಎಂಬ ಮಾತನ್ನು ನಾನು ಹೆಚ್ಚು ನಂಬುತ್ತೇನೆ. ಬೆಳಿಗ್ಗೆ 8.30ಕ್ಕೆ ಹೀಗೆ ಹೊರಟ ಅಂಕಿಯ ಜಾಗದಲ್ಲಿ ಹತ್ತು ಗಂಟೆಗೆ ‘96ರಲ್ಲಿ 96, ತಿದ್ದುಪಡಿ’ ಎಂಬ ಗುರುತಿನೊಡನೆ 205 ಎಂದು ಬಂದರೆ, ಅತಿ ಭಾರಿ ಮಳೆ ಇಲಾಖೆಯ ಪಟ್ಟಿಯಲ್ಲಿ ಅದಕ್ಕೂ ಮೇಲಿನ ವರ್ಗಕ್ಕೆ, 204.5ರ ಗೆರೆಯಾಚೆಗೆ, ಏರಿದೆ ಎಂದರ್ಥ. ಬೆಳಗಿನ ಜಾವ ಕರೆಂಟಿಲ್ಲದಾಗ ಬಿದ್ದು, 5 ಗಂಟೆಗೆ ತಡವಾಗಿ ಮುಟ್ಟಿದ್ದಕ್ಕೆ ಪಕ್ಕಕ್ಕಿಟ್ಟಿದ್ದ ಏಳು ಕಾಲುಗಂಟೆಗಳ 63 ಮಿಲಿಮೀಟರ್ ತನ್ನ ಜಾಗಕ್ಕೆ ಬಂದು ಸೇರಿಕೊಂಡಿದೆ.